ಟೂ ಎಕ್ಸ್‌ನಲ್ಲಿ ಬಾಬು

ಭಾನುವಾರ ಮಧ್ಯಾಹ್ನ ಮಲಗಿದವರನ್ನು ಎಬ್ಬಿಸುವುದು ಮಹಾಪಾಪ ಅಂತ ಯಾವ ಧರ್ಮದಲ್ಲಿ ಬರೆದಿದೆಯೋ, ಆ ಧರ್ಮಕ್ಕೆ ಸೇರಲು ನಾನು ತಯಾರಿದ್ದೇನೆ. ನಿನ್ನೆಯಷ್ಟೇ ಆದದ್ದು, ಉರಿ ಇನ್ನೂ ಆರಿಲ್ಲ.

ಜೂನ್ ಅಂದರೆ ನಮ್ಮಂಥ ಟೀಚರುಗಳಿಗೆ ಏನು ಅಂತ ಗೊತ್ತಲ್ವಾ. ದಾಖಲಾತಿ, ಪುಸ್ತಕದ ಲೆಕ್ಕ, ಬಿಸಿಯೂಟದ ಲೆಕ್ಕ, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತಿನ್ನುವವರೆಷ್ಟು ಅನ್ನುವ ಲೆಕ್ಕ. ಆರು ದಿನ ಇದನ್ನೆಲ್ಲ ಮಾಡಿದ ಮೇಲೆ ಏಳನೇ ದಿನ ಮನುಷ್ಯರು ಮಲಗಬೇಕು. ದೇವರೇ ಲೋಕ ಮಾಡಿ ಮುಗಿಸಿ ಏಳನೇ ದಿನ ವಿಶ್ರಾಂತಿ ತಗೊಂಡನಂತೆ. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆ ಬಾಯಿ. ನಿದ್ದೆ ಕೆಡಿಸಿದ್ದೂ ಅವರೇ.

ಹೊರಗೆ ಸದಾಶಿವಗಡದ ಮಳೆ ಶೀಟಿನ ಮೇಲೆ ಡಬಡಬ ಬಡಿಯುತ್ತಿತ್ತು. ಜುಲೈ ಮುಗಿಯುವ ತನಕ ಬೋಟೆಲ್ಲ ಬಂದ್, ಹಾಗಾಗಿ ಒಣ ಸಿಗಡಿ ಚಟ್ನಿಯಲ್ಲಿ ಕುಚಲಕ್ಕಿ ಗಂಜಿ ಉಂಡು ಚಾದರ ಎಳೆದುಕೊಂಡಿದ್ದೆ. ಸರಿಯಾಗಿ ಪೌಣೆ ಮೂರಕ್ಕೆ ಹಿತ್ತಲ ಗೇಟು ಕಿರ್‍ರ್ ಅಂತು.

"ಅಕ್ಕೋರೇ... ಮಲ್ಗಿದ್ರಾ?"

ಈ ಪ್ರಶ್ನೆಗೆ ಮಲಗಿದವರು ಉತ್ತರ ಕೊಡಲು ಆಗುವುದಿಲ್ಲ, ಎದ್ದವರು ಮಾತ್ರ ಕೊಡಬಹುದು. ಉತ್ತರ ಬರುವ ತನಕ ಬಾಯಿ ಕೇಳುವುದನ್ನು ನಿಲ್ಲಿಸುವುದಿಲ್ಲ.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಅನ್ನುತ್ತೇವೆ, ಟೀಚರುಗಳನ್ನು ಅಕ್ಕೋರು ಅನ್ನುತ್ತೇವೆ. ಕನ್ನಡದಲ್ಲಿ ಬಾಯಿಗೆ ಇನ್ನೊಂದು ಅರ್ಥವೂ ಇದೆ. ಇವರ ವಿಷಯದಲ್ಲಿ ಎರಡೂ ಸರಿ.

ಬಾಯಿಯ ಮಗನನ್ನು ಮನೆಯಲ್ಲಿ ಬಾಬು ಅಂತಲೇ ಕರೆಯುವುದು. ಮೂರನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿ. ಈಗ ಇಪ್ಪತ್ತಮೂರು ವಯಸ್ಸು, ಸೆಮಿನರಿಯಲ್ಲಿ ಬ್ರದರ್. ಫಾದರ್ ಆಗುವ ಮೊದಲು ಹೊರದೇಶದಲ್ಲಿ ಒಂದಷ್ಟು ಕಾಲ ಸೇವೆ ಮಾಡಬೇಕು ಅಂತ ಅವನನ್ನು ತಾಂಜಾನಿಯಾಕ್ಕೆ ಕಳಿಸಿದ್ದಾರೆ. ವಿಕ್ಟೋರಿಯಾ ಸರೋವರದ ದಂಡೆ, ಮ್ವಾನ್ಜಾ ಪಟ್ಟಣದ ಕಡೆಯ ಒಂದು ಹಳ್ಳಿ. ಹೋಗುವಾಗ ಬಾಯಿ ಅವನ ಬ್ಯಾಗಿಗೆ ಎರಡು ಕಿಲೋ ಗೇರುಬೀಜ ತುಂಬಿದ್ದರು. ತಾಂಜಾನಿಯಾದ ಗೇರುಬೀಜವೇ ಹಡಗು ಹತ್ತಿ ನಮ್ಮ ದೇಶದ ಫ್ಯಾಕ್ಟರಿಗಳಿಗೆ ಬರುತ್ತದೆ ಅಂತ ನಾನು ಹೇಳಿದೆ. "ಬಂದದ್ದು ತಿರುಗಿ ಹೋಗ್ತದೆ, ಹೋಗ್ಲಿ" ಅಂದರು.

ಬಾಯಿಗೆ ಟಚ್ ಫೋನು ಆಗಿಬರುವುದಿಲ್ಲ. ಮಗ ಒಂದು ಕೊಡಿಸಿಯೇ ಹೋಗಿದ್ದ. ಆದರೆ ಬಾಯಿಯ ಬೆರಳಲ್ಲಿ ಯಾವಾಗಲೂ ನೀರು, ಇಲ್ಲ ಮಸಾಲೆ, ಇಲ್ಲ ಮೀನಿನ ಹುರುಪೆ. ಮುಟ್ಟಿದ್ದು ಫೋನಿಗೆ ಗೊತ್ತೇ ಆಗುವುದಿಲ್ಲ. ಹೀಗಾಗಿ ಬಾಬುವಿನ ವಾಯ್ಸ್ ಮೆಸೇಜುಗಳೆಲ್ಲ ನನ್ನ ಫೋನಿಗೆ ಬರುತ್ತವೆ, ಭಾನುವಾರ ಬಾಯಿ ನಮ್ಮ ಮನೆಗೆ ಬರುತ್ತಾರೆ. ಅಮ್ಮನಿಗೆ ಕೊಂಕಣಿಯಲ್ಲಿ, ನನಗೆ ನಡುನಡುವೆ ಕನ್ನಡದಲ್ಲಿ, ವಾರದ ಸುದ್ದಿಯೆಲ್ಲ ಅದರಲ್ಲಿ ಇರುತ್ತದೆ.

ಬಾಯಿ ಇದನ್ನು ಕೇಳುವ ರೀತಿಯನ್ನು ನೀವು ನೋಡಬೇಕು. ಫೋನನ್ನು ಬೆಂಚಿನ ಮೇಲೆ ಲೋಟಕ್ಕೆ ಒರಗಿಸಿ ನಿಲ್ಲಿಸಬೇಕು. ಎದುರಿಗೆ ಅವರು ಸೆರಗು ಸರಿ ಮಾಡಿಕೊಂಡು ಕೂರುತ್ತಾರೆ, ಮಗನಿಗೆ ಕಾಣುತ್ತದೆ ಅನ್ನುವ ಹಾಗೆ. ಆಮೇಲೆ ರೆಕಾರ್ಡಿಂಗಿಗೆ ಉತ್ತರ ಕೊಡುತ್ತಾರೆ. ಒಂದೊಂದು ಮಾತಿಗೂ. "ಅಮ್ಮಾ, ಆರಾಮಿದ್ದೀಯಾ?" ಅಂತ ಅದು ಕೇಳಿದರೆ "ಆರಾಮು ಮಗಾ, ಮಂಡಿ ಮಾತ್ರ ಸ್ವಲ್ಪ" ಅಂತ ಇವರು. ಇಲ್ಲಿನ ಸರೋವರಕ್ಕೆ ಆಚೆ ದಡವೇ ಕಾಣುವುದಿಲ್ಲ, ಸಮುದ್ರವೇ ಅನಿಸುತ್ತದೆ, ಆದರೆ ನೀರು ಸಿಹಿ ಅಂತ ಅವನು ಹೇಳಿದ ವಾರ ಬಾಯಿಗೆ ಆಘಾತವೇ ಆಗಿತ್ತು. "ಉಪ್ಪಿಲ್ಲದ ಸಮುದ್ರವಾ? ಮೀನು ಒಣಗಿಸೂದು ಹೇಗೆ? ಸಾಣಿಕಟ್ಟೆ ಉಪ್ಪು ಕಳಿಸ್ಲಾ?" ಅಲ್ಲಿ ದಗಾ ಅನ್ನುವ ಬೆರಳುದ್ದದ ಮೀನನ್ನು ದಡದಲ್ಲೇ ಬಿಸಿಲಿಗೆ ಹರಡಿ ಒಣಗಿಸುತ್ತಾರೆ ಅಂತ ಆ ಮೆಸೇಜಿನಲ್ಲೇ ಮುಂದೆ ಇತ್ತು. ಬಾಯಿ ಆಗ ಉಪ್ಪಿನ ರೇಟು ಹೇಳುತ್ತಿದ್ದರು.

"ಬಾಯಿ, ಅದು ರೆಕಾರ್ಡಿಂಗು, ಅವನಿಗೆ ಕೇಳೂದಿಲ್ಲ" ಅಂತ ಮೊದಮೊದಲು ಹೇಳಿದೆ. "ನಂಗೆ ಗೊತ್ತದೆ" ಅಂದು ಮತ್ತೆ ಉತ್ತರ ಕೊಟ್ಟರು. ಆಮೇಲೆ ಸುಮ್ನೆ ಬಿಟ್ಟುಬಿಟ್ಟೆ. ಅವರು ಕೇಳುತ್ತಾರೆ, ನಾನು ಪಕ್ಕದಲ್ಲಿ ನೋಟ್‌ಬುಕ್ ತಿದ್ದುತ್ತೇನೆ.

ನಿನ್ನೆ ಒಂಬತ್ತು ಮೆಸೇಜು ಇದ್ದವು. ಒಟ್ಟು ನಲವತ್ತಾರು ನಿಮಿಷ. ಲೆಕ್ಕದ ಟೀಚರು ನಾನು. ಟೂ ಎಕ್ಸ್‌ಗೆ, ಅಂದರೆ ದುಪ್ಪಟ್ಟು ಸ್ಪೀಡಿಗೆ, ಹಾಕಿದರೆ ಇಪ್ಪತ್ತಮೂರು. ನಾಲ್ಕಕ್ಕೆ ಚಹಾ ಅಂದರೂ ಮುಕ್ಕಾಲು ಗಂಟೆ ನಿದ್ದೆ ಉಳಿಯುತ್ತದೆ. ಬಾಯಿ ಕಣ್ಣು ತಪ್ಪಿಸಿ ಆ ಸಣ್ಣ ಗುಂಡಿ ಒತ್ತಿದೆ.

ಬಾಬು ಕೊಂಕಣ ರೈಲಿನ ಹಾಗೆ ಹೊರಟ.

ಮೊದಲ ಮೆಸೇಜು ಗಡಿಯಾರದ್ದು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಹೊತ್ತು ಹುಟ್ಟಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಎರಡು ಗಂಟೆಗೆ ಪೂಜೆ ಅಂತ ಅಲ್ಲಿಯ ಉಪದೇಶಿ ಹೇಳಿದ್ದನ್ನು ನಂಬಿ ಇವನು ಮಧ್ಯಾಹ್ನ ಎರಡಕ್ಕೆ ಬಿಳಿ ಅಂಗಿ ಹಾಕಿಕೊಂಡು ಹೋಗಿ ನಿಂತಿದ್ದಾನೆ. ಚರ್ಚಿನಲ್ಲಿ ಇದ್ದದ್ದು ಒಂದು ಆಡು ಮಾತ್ರ. "ಅಕ್ಕೋರೇ, ಮೂರನೇ ಕ್ಲಾಸಲ್ಲಿ ನಂಗೆ ಹೊಡೆದದ್ದು ನೆನಪದ್ಯಾ?" ಅಂತ ನನಗೊಂದು ಚುಚ್ಚು. ನೆನಪಿದೆ. ರಟ್ಟಿನ ಗಡಿಯಾರ ಮಾಡಿದ್ದೆ. ಮುಳ್ಳಿನ ಹಿಂದೆ ಸ್ವಲ್ಪ ಬಾಲ ಉಳಿದಿತ್ತು. ಇವನೊಬ್ಬ ಮುಳ್ಳಿನ ತುದಿ ಬಿಟ್ಟು ಬಾಲ ನೋಡಿ ಗಂಟೆ ಹೇಳುತ್ತಿದ್ದ. ಏಳಕ್ಕೆ ಒಂದು, ಎಂಟಕ್ಕೆ ಎರಡು. "ಇಲ್ಲಿ ಬಾಲವೇ ಸರಿ ಅಕ್ಕೋರೇ." ಹದಿನೈದು ವರ್ಷದ ಮೇಲೆ, ಸಮುದ್ರದಾಚೆಯಿಂದ, ಟೂ ಎಕ್ಸ್‌ನಲ್ಲಿ, ನನ್ನ ಬೆತ್ತಕ್ಕೆ ಉತ್ತರ.

ಎರಡನೆಯದು ಇದಕ್ಕಿಂತ ಗ್ರಹಚಾರ. ನಮ್ಮ ಕಾರವಾರದಲ್ಲಿ ದಾದಾ ಅಂದರೆ ಅಣ್ಣ ಅಲ್ವಾ. ಸ್ವಾಹಿಲಿಯಲ್ಲಿ ಅಕ್ಕ. ಮಾಮಾ ಅಂದರೆ ಅಮ್ಮ. ಇವನು ಹಳೇ ಚಾಳಿಯಲ್ಲಿ ಆರಡಿ ಎತ್ತರದ ಡ್ರೈವರ್‌ನ ಬೆನ್ನು ತಟ್ಟಿ "ದಾದಾ" ಅಂದಿದ್ದಾನೆ, ಮೀಸೆಯ ಅಂಗಡಿಯವನಿಗೆ "ಮಾಮಾ" ಅಂದಿದ್ದಾನೆ. ಅವರು ನಕ್ಕು, ಮನೆಯಲ್ಲಿ ನಿನ್ನನ್ನು ಏನಂತ ಕರೀತಾರೆ ಅಂತ ಕೇಳಿದ್ದಾರೆ. ಬುದ್ಧಿವಂತ "ಬಾಬು" ಅಂದ. ಬಾಬು ಅಂದರೆ ಅಲ್ಲಿ ಅಜ್ಜ. ಇಡೀ ಊರು ಹಿಡಿದುಕೊಂಡಿತು. ಈಗ ಮಕ್ಕಳೆಲ್ಲ ದಾರಿಯಲ್ಲಿ ನಿಂತು "ಶಿಕಾಮೋ, ಬಾಬು" ಅನ್ನುತ್ತಾರಂತೆ. ಶಿಕಾಮೋ ಅಂದರೆ ಕಾಲಿಗೆ ಬಿದ್ದೆ ಅಂದ ಹಾಗೆ, ಹಿರಿಯರಿಗೆ ಮಾತ್ರ ಹೇಳುವುದು. ಇವನು ಗಂಭೀರವಾಗಿ "ಮರಹಬಾ" ಅಂತ ಒಪ್ಪಿಸಿಕೊಳ್ಳಬೇಕು. ಮಿನಿ ಬಸ್ಸಿನಲ್ಲಿ ಅರವತ್ತರ ಮುದುಕಿಯೊಬ್ಬರು ಇವನಿಗೆ ಎದ್ದು ಸೀಟು ಕೊಟ್ಟರಂತೆ, ತಮಾಷೆಗೆ.

ಇದೆಲ್ಲ ನನಗೆ ಅರ್ಥವಾಯಿತು. ವಾರವಿಡೀ ಮಕ್ಕಳು ಇದೇ ಸ್ಪೀಡಿನಲ್ಲಿ ಮಗ್ಗಿ ಒಪ್ಪಿಸುವುದನ್ನು ಕೇಳಿದ ಕಿವಿ ಇದು. ಬಾಯಿ ಮಾತ್ರ ಚಡಪಡಿಸುತ್ತಿದ್ದರು. ಬಾಯಿ ತೆರೆಯುವುದು, ಮುಚ್ಚುವುದು. "ಆರಾ..." ಅನ್ನುವಷ್ಟರಲ್ಲಿ ಅವನು ಮುಂದಿನ ಸ್ಟೇಷನ್ ದಾಟಿರುತ್ತಿದ್ದ.

"ಅಕ್ಕೋರೇ, ಬಾಬು ಯಾಕೆ ಹೀಗೆ? ನಂಗೆ ಮಾತಾಡ್ಲಿಕ್ಕೇ ಬಿಡೂದಿಲ್ಲ."

"ಅಲ್ಲಿಯವರೆಲ್ಲ ಹಾಗೇ ಮಾತಾಡೂದು ಬಾಯಿ" ಅಂದೆ. ಶುದ್ಧ ಸುಳ್ಳು. ಆ ದೇಶದಲ್ಲಿ ಎಲ್ಲದಕ್ಕೂ "ಪೋಲೆಪೋಲೆ", ನಿಧಾನ ನಿಧಾನ, ಅನ್ನುತ್ತಾರೆ ಅಂತ ಅವನೇ ಹಿಂದಿನ ವಾರ ಹೇಳಿದ್ದ.

ಮೂರನೆಯದು ಇರುವೆಯದು. ಸಿಯಾಫು ಅಂತ ಇರುವೆಯಂತೆ. ನಮ್ಮ ಚಗಳಿ ಇದರ ಎದುರು ಸಾಧು. ಲಕ್ಷಗಟ್ಟಲೆ ಸಾಲು ಕಟ್ಟಿ ಬಂದು ಮನೆಗೆ ನುಗ್ಗುತ್ತವೆ. ಬುಧವಾರ ರಾತ್ರಿ ಎಲ್ಲರೂ ಕುರ್ಚಿ ಹಿಡಿದು ಅಂಗಳಕ್ಕೆ ಓಡಿ ಬೆಳಗಿನ ತನಕ ಅಲ್ಲೇ ಕೂತಿದ್ದಾರೆ. ಅಡುಗೆಯವರಿಗೆ ಮಾತ್ರ ಖುಷಿ, ಜಿರಳೆಯನ್ನೆಲ್ಲ ತಿಂದು ಮನೆ ಚೊಕ್ಕ ಮಾಡಿ ಹೋಗುತ್ತವಂತೆ. "ಅರಿಶಿನ ಹಾ..." ಅಂತ ಬಾಯಿ ಶುರು ಮಾಡಿದ್ದು ಕೇಳಿಸಿತು. ಅಲ್ಲಿಗೆ ನನಗೆ ನಿದ್ದೆ ಹತ್ತಿತು.

ಎಚ್ಚರವಾದಾಗ ಐದೂಕಾಲು. ಬೆಂಚಿನ ಮೇಲೆ ಫೋನು ಹೊಡೆದುಕೊಳ್ಳುತ್ತಿತ್ತು. ಬಾಯಿ ಇಲ್ಲ. ಫೋನಿನಲ್ಲಿ ಚರ್ಚಿನ ಫಾದರ್.

"ಟೀಚರ್, ಬ್ರದರ್‌ಗೆ ಎಷ್ಟು ದಿನದಿಂದ ಮಲೇರಿಯಾ?"

"ಯಾರಿಗೆ?"

"ಬಾಯಿ ಎಲ್ಲ ಹೇಳಿದ್ರು. ಜ್ವರ ತಲೆಗೇರಿದೆಯಂತೆ. ತಡಬಡ ಅಂತ ಒಂದೇ ಸಮ ಬಡಬಡಿಸ್ತಿದ್ದಾರಂತೆ. ಹಗಲು ರಾತ್ರಿ ಗೊತ್ತಾಗ್ತಾ ಇಲ್ಲ, ಎಂಟು ಗಂಟೆಗೆ ಎರಡು ಅಂತಾರಂತೆ. ಮೈಮೇಲೆ ಇರುವೆ ಬಂತು ಓಡಿ ಓಡಿ ಅಂತಾರಂತೆ. ತಾನು ಅಜ್ಜ ಆಗಿದ್ದೇನೆ ಅಂತಾರಂತೆ."

ಹೀಗೆ ಸಾಲಾಗಿ ಕೇಳಿದಾಗ ನನಗೂ ಒಂದು ಕ್ಷಣ ಮಲೇರಿಯಾ ಅನ್ನಿಸಿತು.

ನಾನು ಟೂ ಎಕ್ಸ್ ಅಂದರೆ ಏನು ಅಂತ ಫಾದರಿಗೆ ವಿವರಿಸುವ ಹೊತ್ತಿಗೆ ತಡವಾಗಿತ್ತು. ಅವರು ಅಲ್ಲಿನ ಹಿರಿಯ ಫಾದರಿಗೆ ಆಗಲೇ ಮೆಸೇಜು ಹಾಕಿದ್ದರು. ಈ ಕಡೆ ಸುದ್ದಿ ಕಾಳಿ ನದಿಯನ್ನೂ ದಾಟಿತ್ತು, ಸುದ್ದಿಗೆ ಸೇತುವೆ ಬೇಡವಲ್ಲ. ಕಾರವಾರ ಪೇಟೆಗೆ ಹೋಗಿದ್ದ ನಮ್ಮೆಜಮಾನರಿಗೆ ಆಟೋದವನು "ಪಾಪ, ಒಳ್ಳೇ ಹುಡುಗ" ಅಂದನಂತೆ. ಭೂತಕಾಲದ ದನಿಯಲ್ಲಿ.

ಕೊಡೆ ಹಿಡಿದು ಬಾಯಿ ಮನೆಗೆ ಓಡಿದೆ. ಒಳಗೆ ಹತ್ತು ಹನ್ನೆರಡು ಜನ ಜಪಮಾಲೆ ಹಿಡಿದು ಕೂತಿದ್ದಾರೆ. ಗೋಡೆಯ ಮೇಲೆ ಸಂತ ಜೋಸೆಫ್ ವಾಜರ ಪಟ, ಎದುರಿಗೆ ಮೇಣದಬತ್ತಿ. ಗೋವೆಯ ಈ ಪಾದ್ರಿ ನಮ್ಮ ಕೆನರಾದಲ್ಲಿ ಕೆಲವು ವರ್ಷ ಓಡಾಡಿ, 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಲೋನಿಗೆ ಹೋದವರು. ಅಲ್ಲಿ ಡಚ್ಚರ ಕಣ್ಣು ತಪ್ಪಿಸಿ, ಕ್ಯಾಂಡಿಯಲ್ಲಿ ಗೂಢಚಾರ ಅನ್ನಿಸಿಕೊಂಡು ಜೈಲು ಕಂಡು, 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಅವರನ್ನು ಸಂತರೆಂದು ಸಾರಿದರು. ಇಷ್ಟೆಲ್ಲ ಆದದ್ದು ವಾಯ್ಸ್ ಮೆಸೇಜು ಇಲ್ಲದ ಕಾಲದಲ್ಲಿ. ಅವರ ತಾಯಿಯ ನೆರೆಮನೆಯವರು ಪುಣ್ಯವಂತರು.

ಜಪ ನಡುವೆ ನಿಲ್ಲಿಸಬಾರದು ಅಂತ ಯಾರೋ ಕಣ್ಣಲ್ಲೇ ಗದರಿದರು. ಐವತ್ತು "ನಮೋ ಮರಿಯಾ" ಮುಗಿಯುವ ತನಕ ನಾನು ಹೊಸ್ತಿಲಲ್ಲಿ ಕಳ್ಳಿಯ ಹಾಗೆ ನಿಂತೆ.

ಎಂಟು ಗಂಟೆಗೆ ಬಾಬುವೇ ಫೋನು ಮಾಡಿದ. ಅಲ್ಲಿ ಆಗ ಐದೂವರೆ. ಅಥವಾ ಹನ್ನೊಂದೂವರೆ, ನಿಮಗೆ ಬೇಕಾದ ಹಾಗೆ ಲೆಕ್ಕ ಹಾಕಿಕೊಳ್ಳಿ. ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಿದ್ದವನನ್ನು ಮೈದಾನದಿಂದ ಎತ್ತಿಕೊಂಡು ಹೋಗಿ, ಬೆರಳು ಚುಚ್ಚಿ ರಕ್ತ ತೆಗೆದು ಪರೀಕ್ಷೆ ಮಾಡಿದ್ದಾರೆ. ಮಲೇರಿಯಾ ಇಲ್ಲ. ದಾರಿಯುದ್ದಕ್ಕೂ ಮಕ್ಕಳು "ಪೋಲೆ, ಬಾಬು, ಪೋಲೆ" ಅಂತ ಅಜ್ಜನಿಗೆ ಮರುಕ ತೋರಿಸುತ್ತಾ ಹಿಂದೆ ಬಂದಿದ್ದಾರೆ.

"ಅಕ್ಕೋರೇ, ನಂಗೆ ಏನಾಗಿದೆ ಅಂತ ನಿಮಗೆ ಗೊತ್ತದೆಯಂತೆ?"

ನಾನು ಗಂಟಲು ಸರಿ ಮಾಡಿಕೊಂಡೆ.

ತಪ್ಪು ದಂಡ ಅಂತ ರಾತ್ರಿ ಬಾಯಿಯನ್ನು ಕರೆದು ಎಲ್ಲವನ್ನೂ ಒನ್ ಎಕ್ಸ್‌ನಲ್ಲಿ ಮೊದಲಿಂದ ಹಾಕಿದೆ. ಈ ಸಲ ನೋಟ್‌ಬುಕ್ಕೂ ಇಲ್ಲ, ಚಾದರವೂ ಇಲ್ಲ. ಬಾಯಿ ಲೋಟದ ಎದುರು ಕೂತರು.

"ಅಮ್ಮಾ, ಮಳೆ ಶುರುವಾಯ್ತಾ?" ಅಂತು ಫೋನು. ಆಮೇಲೆ ಸುಮ್ಮನಾಯಿತು. ಅವನ ಹಿಂದೆ ಎಲ್ಲೋ ಕೋಳಿ ಕೂಗಿದ್ದು, ಸೈಕಲ್ ಗಂಟೆ. ನೆಟ್‌ವರ್ಕ್ ಹೋಯಿತೇನೋ ಅಂತ ನಾನು ಬಗ್ಗಿದೆ.

"ಶುರುವಾಯ್ತು ಮಗಾ, ಗುರುವಾರದಿಂದ. ಹಿಂದಿನ ಕೋಣೆ ಸೋರ್ತದೆ."

"ಹಾಂ" ಅಂತು ಫೋನು. "ಹಿಂದಿನ ಕೋಣೆಗೆ ತಾಡಪಾಲು ಹಾಕಿಸು. ಮಂಡಿ ಹೇಗಿದೆ?"

ಮತ್ತೆ ಸುಮ್ಮನೆ.

"ಎಣ್ಣೆ ಹಚ್ತಾ ಇದ್ದೇನೆ."

"ಎಣ್ಣೆ ಬಿಸಿ ಮಾಡಿ ಹಚ್ಚು."

ಇಷ್ಟು ವಾರ ನೋಟ್‌ಬುಕ್ ತಿದ್ದುತ್ತಾ ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಮಂಡಿ ನೋವಿಗೆ ಎಷ್ಟು ಹೊತ್ತು ಬೇಕು, ಸೋರುವ ಕೋಣೆಗೆ ಎಷ್ಟು ಹೊತ್ತು ಬೇಕು ಅಂತ ಅವನಿಗೆ ಗೊತ್ತು, ಅಷ್ಟು ಜಾಗ ಬಿಟ್ಟೇ ಮಾತಾಡುತ್ತಾನೆ. ನಲವತ್ತಾರು ನಿಮಿಷದಲ್ಲಿ ಅರ್ಧ ಬಾಯಿಯದೇ. ನಾನು ಟೂ ಎಕ್ಸ್‌ಗೆ ಹಾಕಿ ಉಳಿಸಲು ಹೋದದ್ದು ಆ ಅರ್ಧವನ್ನು.

ಹತ್ತೂವರೆ ದಾಟಿತು. ಒಂಬತ್ತನೇ ಮೆಸೇಜು. ಬೆಳಿಗ್ಗೆ ಪ್ರಾರ್ಥನೆಗೆ ನಾನೇ ಗಂಟೆ ಹೊಡೆಸಬೇಕು, ಇನ್ನಾದರೂ ಮುಗಿಯಿತಲ್ಲ ಅಂತ ಆಕಳಿಸಿದೆ.

"ಅಕ್ಕೋರು ಮಲ್ಗಿದ್ರಾ ಅಮ್ಮಾ?" ಅಂತು ಫೋನು, ಸುಮ್ಮನಾಯಿತು.

ಬಾಯಿ ತಿರುಗಿ ನನ್ನನ್ನು ನೋಡಿದರು. ಮತ್ತೆ ಫೋನಿನ ಕಡೆ ತಿರುಗಿ "ಇಲ್ಲ ಮಗಾ, ಎದ್ದೇ ಇದ್ದಾರೆ" ಅಂದರು.

"ಹಾಗಾದ್ರೆ ಇನ್ನೊಂದು ವಿಷಯ ಹೇಳ್ತೇನೆ" ಅಂತು ಫೋನು.