ಪುಟ ಜಾಸ್ತಿ ಅಂತ ಅಲ್ಲ ಸಾರ್
ಮೊಬೈಲ್ ಬಂದ್ಮೇಲೆ ದಪ್ಪ ಕಾದಂಬರಿ ಯಾರೂ ಮುಗಿಸಲ್ಲ ಅಂತ ಬರೆದಿದೀರಲ್ಲ, ಅದನ್ನ ಒಪ್ಪಲ್ಲ. ನಾನೀಗ ಓದ್ತಿರೋದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', 1967ರದ್ದು. ಅದನ್ನ ಜನ ಅರ್ಧಕ್ಕೆ ಬಿಡೋದು ಪುಟ ನೋಡಿ ಅಲ್ಲ, ಗುತ್ತಿ ಮತ್ತೆ ಅವನ ನಾಯಿ ಹುಲಿಯನ ಹಿಂದೆ ಹೊರಟ್ರೆ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು ಅಂತ ಮನೆ ಮೇಲೆ ಮನೆ, ಹೆಸರು ಮೇಲೆ ಹೆಸರು ಬಂದು ತಲೆ ಗಿರ್ ಅನ್ನುತ್ತೆ. ಕೊನೇ ರಟ್ಟಿನ ಒಳಗೆ ಯಾರು ಯಾವ ಮನೆಯೋರು ಅಂತ ಪೆನ್ಸಿಲಲ್ಲಿ ಬರ್ಕೊಂಡೆ (ಲೈಬ್ರರಿ ಪುಸ್ತಕಕ್ಕೆ ಹಂಗೆ ಮಾಡ್ಬೇಡಿ ಮತ್ತೆ), ಈಗ ಸಲೀಸಾಗಿ ಓಡ್ತಿದೆ. ಇನ್ನು ನೀವು ಬೈದಿರೋ ಮೊಬೈಲಲ್ಲೇ ನಮ್ಮ ಓದೋ ವಾಟ್ಸಾಪ್ ಗುಂಪು ಇರೋದು, ರಾತ್ರಿ ಯಾರಾದ್ರೂ ಒಬ್ರು ಎಲ್ಲಿಗೆ ಬಂತು ಅಂತ ಕೇಳೇ ಕೇಳ್ತಾರೆ, ಮರ್ಯಾದೆಗಾದ್ರೂ ನಾಲ್ಕು ಪುಟ ಓದ್ಲೇಬೇಕು.