ಕುದುರೆಯ ಕತ್ತಿಗೆ ಮುದ್ರೆ ಬೇಕೆ?

ಪರ: ಕಣ್ಣಿಗೆ ಕಾಣುವುದೇ ಗುರುತು

ಅಮೆರಿಕದ ಪಶ್ಚಿಮ ಬಯಲಿನಲ್ಲಿ ಸರ್ಕಾರ ಹಿಡಿಸಿದ ಮಸ್ಟ್ಯಾಂಗ್ ಎಂಬ ಕಾಡುಕುದುರೆಯ ಎಡಗತ್ತು ನೋಡಿ. ಜೂಲಿನ ಕೆಳಗೆ, ಅಂಕಿಗಳ ಬದಲಿಗೆ, ಬಿಳಿ ಕೂದಲಿನ ಕೋನಗಳ ಸಾಲು ಇರುತ್ತದೆ. ಮೊದಲ ಚಿಹ್ನೆ ಸರ್ಕಾರದ್ದು, ಮೇಲೆ ಕೆಳಗೆ ಪೇರಿಸಿದ ಎರಡು ಹುಟ್ಟಿದ ವರ್ಷ, ಉಳಿದ ಆರು ನೋಂದಣಿ ಸಂಖ್ಯೆ. ಅಂಕಿಯನ್ನೇ ಬರೆಯಬಾರದಿತ್ತೇ? 3 ಇದ್ದದ್ದನ್ನು 8, 1 ಇದ್ದದ್ದನ್ನು 7 ಮಾಡುವುದು ಕಳ್ಳನಿಗೆ ಎಡಗೈ ಕೆಲಸ. ಕೋನಕ್ಕೆ ಗೆರೆ ಸೇರಿಸಿದರೆ ಲೆಕ್ಕಕ್ಕಿಲ್ಲದ ಆಕಾರ ಹುಟ್ಟಿ ಗುಟ್ಟು ರಟ್ಟಾಗುತ್ತದೆ.

ಇದು ಕಾಸಿದ ಬರೆಯಲ್ಲ. 1966ರಲ್ಲಿ ಅಮೆರಿಕದ ಪಶುವೈದ್ಯ ಕೀತ್ ಫಾರೆಲ್ ರೂಪಿಸಿದ ಶೀತಮುದ್ರೆ. ಕೂದಲನ್ನು ಚರ್ಮಕ್ಕಂಟುವಂತೆ ಕತ್ತರಿಸಿ, ಸ್ಪಿರಿಟ್‌ನಿಂದ ಒದ್ದೆ ಮಾಡಬೇಕು. ಹಿತ್ತಾಳೆ ಅಥವಾ ತಾಮ್ರದ ಅಚ್ಚನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು, ಕುದಿತ ಅಡಗಿದ ಮೇಲೆ ತೆಗೆದು ಒತ್ತಬೇಕು. ಕಪ್ಪು, ಕಂದು ಕುದುರೆಗೆ ಸುಮಾರು 8ರಿಂದ 12 ಸೆಕೆಂಡು. ಕೂದಲಿಗೆ ಬಣ್ಣ ಕೊಡುವ ಕೋಶ ಮಾತ್ರ ಸಾಯಬೇಕು, ಬುಡ ಉಳಿಯಬೇಕು. ಬೇಗ ಎತ್ತಿದರೆ ಹಳೆಯ ಬಣ್ಣವೇ ಮರಳುತ್ತದೆ. ಹೆಚ್ಚು ಹೊತ್ತು ಒತ್ತಿದರೆ ಬೋಳು. ಬಿಳಿ ಕುದುರೆಗೆ ಬೇಕಾದದ್ದೇ ಆ ಬೋಳು, ಅದಕ್ಕೇ ಅಲ್ಲಿ ಹೆಚ್ಚು ಹೊತ್ತು. ಅಚ್ಚು ಅಲುಗಿತೋ, ಗುರುತು ಕಲಸಿಹೋಯಿತು. ಒತ್ತಿದ ಜಾಗ ಕೆಲವೇ ನಿಮಿಷದಲ್ಲಿ ಅಚ್ಚಿನಾಕಾರದಲ್ಲೇ ಊದಿಕೊಳ್ಳುತ್ತದೆ, ಹೆದರಬೇಕಿಲ್ಲ. ವಾರಗಳಲ್ಲಿ ಹೊಪ್ಪಳೆ ಉದುರಿ, ಮುಂದಿನ ಕೂದಲು ಬಿಳಿಯಾಗಿ ಬರುತ್ತದೆ.

ಮುದ್ರೆ ಬೇಡ, ಮೈಯೊಳಗೆ ಎಲೆಕ್ಟ್ರಾನಿಕ್ ಚಿಪ್ ಸಾಕು ಎನ್ನುವವರದೋ ಅಕ್ಕಿಕಾಳಿನಷ್ಟು ಗಾಜಿನ ನಳಿಕೆ. ಅದನ್ನು ಓದಲು ಕುದುರೆಯ ಪಕ್ಕಕ್ಕೇ ಹೋಗಿ ನಿಲ್ಲಬೇಕು. ಮನುಷ್ಯರನ್ನು ಕಂಡರೆ ಓಡುವ ಕುದುರೆ ಸ್ಕ್ಯಾನರ್ ಬರುವವರೆಗೆ ಕಾಯುತ್ತದೆಯೇ? ಸಂತೆಗೆ ತಂದ ಕಳ್ಳಮಾಲಿನ ಕತ್ತಿನ ಮುದ್ರೆ ಬೇಲಿಯಾಚೆ ನಿಂತವನಿಗೂ ಕಾಣುತ್ತದೆ. ಚಿಪ್ ಹುಡುಕಲು ಅನುಮಾನ ಮೊದಲೇ ಹುಟ್ಟಿರಬೇಕು.

ವಿರೋಧ: ಗುರುತು ಬೇರೆ, ಒಡೆತನ ಬೇರೆ

ಮಸ್ಟ್ಯಾಂಗ್ ಮಟ್ಟಿಗೆ ನನ್ನದೇನೂ ದೊಡ್ಡ ತಕರಾರಿಲ್ಲ. ಆದರೆ ಸರ್ಕಾರ ಅದನ್ನು ದತ್ತು ಕೊಟ್ಟು, ವರ್ಷ ಕಳೆದು, ಹಕ್ಕುಪತ್ರ ಹೊಸಬರ ಕೈ ಸೇರಿದ ಮೇಲೂ ಕತ್ತಿನಲ್ಲಿ ಸರ್ಕಾರದ ಚಿಹ್ನೆಯೇ ಇರುತ್ತದೆ. ಹಾಗಾದರೆ ಒಡೆಯ ಯಾರು? ಇನ್ನು ಟೆಕ್ಸಸ್‌ನಲ್ಲಿ ಒಡೆಯರು ತಮ್ಮ ಸ್ವಂತ ಮುದ್ರೆಯನ್ನು ಕೌಂಟಿ (ಜಿಲ್ಲಾ) ಕಚೇರಿಯಲ್ಲಿ ಹತ್ತು ವರ್ಷಕ್ಕೊಮ್ಮೆ ಮರುನೋಂದಾಯಿಸಬೇಕು. 2021ರ ಸರದಿ ತಪ್ಪಿಸಿಕೊಂಡವರ ಮುದ್ರೆಯನ್ನು ಬೇರೆಯವರು ತಮ್ಮ ಹೆಸರಿಗೆ ಬರೆಸಿಕೊಳ್ಳಬಹುದು.

ದೂರದಿಂದ ಕಾಣುತ್ತದಂತೆ! ರಾತ್ರಿ ಕದ್ದೊಯ್ಯುವಾಗ ದುರ್ಬೀನು ಹಿಡಿದು ನಿಂತವರು ಯಾರು? ಚಳಿಗಾಲದ ದಟ್ಟ ಕೂದಲಲ್ಲಿ ಮುದ್ರೆ ಮಸುಕಾಗುತ್ತದೆ, ಜೂಲು ಎಡಕ್ಕೆ ಬಿದ್ದರೆ ಪೂರ್ತಿ ಮುಚ್ಚುತ್ತದೆ.

ಚಿಪ್ಪಿನ 15 ಅಂಕಿಗೆ ಈ ಪಾಡಿಲ್ಲ. ಯುರೋಪಿಯನ್ ಒಕ್ಕೂಟ 2009ರಿಂದ ಮರಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಥರೋಬ್ರೆಡ್ ಎಂಬ ಪಂದ್ಯದ ಕುದುರೆ ತಳಿಯ ನೋಂದಣಿಗೂ 2017ರಲ್ಲಿ ಹುಟ್ಟಿದ ಮರಿಗಳಿಂದ ಇದೇ ನಿಯಮ. ತಲೆಗೂ ಹೆಗಲಿಗೂ ನಡುವೆ, ಎಡಗತ್ತಿನ ಮೇಲಂಚಿನ ಅಸ್ಥಿರಜ್ಜುವಿಗೆ ಸೂಜಿ ಇಳಿಸಬೇಕು. ಬರೀ ಚರ್ಮದಡಿ ಬಿಟ್ಟರೆ ಜರುಗೀತು. ಹಾಕುವ ಮುನ್ನ ಎರಡೂ ಕಡೆ ಸ್ಕ್ಯಾನ್ ಮಾಡಿ, ಹಳೆಯದಿದ್ದರೆ ಎರಡನೆಯದು ಬೇಡ. ಹಾಕಿದ ಮೇಲೂ ಓದಿಸಿ, ಪೊಟ್ಟಣದ ಸ್ಟಿಕ್ಕರ್‌ನೊಂದಿಗೆ ಸಂಖ್ಯೆ ತಾಳೆ ನೋಡಿ.