ಪಿನ್ ಭಾಬಾಗೆ ಕರ್ಪೂರ ಸಾಕಾಗಲ್ಲ

'ಕುಮಾರ ಪರ್ವತ ಹತ್ತಿದವರಿಗೆ ಪಿನ್ ಭಾಬಾ ಪಾಸ್ ಏನೂ ಅಲ್ಲ. ಕರ್ಪೂರ ಮೂಸುತ್ತಾ ಹೋದರೆ ಆಯ್ತು' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಪಿನ್ ಭಾಬಾ ಪಾಸ್ ಅಂದರೆ ಹಿಮಾಚಲದಲ್ಲಿ ಭಾಬಾ ಕಣಿವೆಯಿಂದ ಪಿನ್ ಕಣಿವೆಗೆ ಬೆಟ್ಟ ದಾಟುವ ದಾರಿ.

ಕುಮಾರ ಪರ್ವತದ ಎತ್ತರ 1,712 ಮೀಟರ್. ಹಿಮಾಚಲದ ಕಿನ್ನೌರ್‌ನಲ್ಲಿ ಈ ಚಾರಣ ಶುರುವಾಗುವ ಕಾಫ್ನು ಹಳ್ಳಿಯೇ ಅದಕ್ಕಿಂತ ಎತ್ತರದಲ್ಲಿದೆ. ಪಾಸ್ ಇರುವುದು ಸುಮಾರು 4,900 ಮೀಟರ್‌ನಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಮಂಗಳೂರಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾಲು ಗಟ್ಟಿಯಿದ್ದರೂ ಇದರ ತೊಂದರೆಯಿಂದ ತಪ್ಪಿಸಿಕೊಳ್ಳೋಕಾಗಲ್ಲ. ದಿನಾ ಹತ್ತು ಕಿಲೋಮೀಟರ್ ಓಡುವವರಿಗೂ ತಲೆನೋವು, ವಾಂತಿ ಬರಬಹುದು. ಅವಸರವಾಗಿ ಹತ್ತುವವರು ಅವರೇ ಅಲ್ವಾ!

ಇನ್ನು ಕರ್ಪೂರ. ಕರ್ಚೀಫಿನ ತುದಿಗೆ ಕಟ್ಟಿ ಮೂಸಿದರೆ ಮೂಗು ತಣ್ಣಗಾಗಿ, ಉಸಿರು ಸಲೀಸಾದ ಹಾಗೆ ಅನಿಸುತ್ತದೆ. ಅನಿಸುತ್ತದೆ ಅಷ್ಟೇ, ರಕ್ತಕ್ಕೆ ಆಮ್ಲಜನಕ ಜಾಸ್ತಿ ಸೇರಲ್ಲ. ಆ ಧೈರ್ಯದಲ್ಲಿ ಮೇಲೆ ಹತ್ತುತ್ತಲೇ ಹೋಗುವುದು ನಿಜವಾದ ಅಪಾಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ನೆ ಕೂರಬೇಕು. ಎತ್ತರದಲ್ಲಿ ಬರುವ ಈ ತೊಂದರೆಗೆ ಮಾತ್ರೆ ಬೇಕಾದರೆ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ. ಜೊತೆಯವರು ನೇರ ಗೆರೆ ಮೇಲೆ ನಡೆಯಲಾಗದೆ ತೂರಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಕೆಳಗಿಳಿಸಿ.

ಸಂದೇಶದಲ್ಲಿರುವ ಇನ್ನೊಂದು ಮಾತು ಮಾತ್ರ ನಿಜ: ಭಾಬಾ ಕಣಿವೆ ಹಸಿರು, ಪಾಸ್ ದಾಟಿದರೆ ಪಿನ್ ಕಡೆ ಬರೀ ಒಣ ಬೆಟ್ಟ. ಆ ಕಡೆ ಇಳಿದ ಮೇಲೆ ಊರು ಅಂತ ಸಿಗುವುದು ಮುದ್ ಹಳ್ಳಿಯಲ್ಲೇ.